ಆರನೇ ತಿಂಗಳ ತೂಕ

ಹೆಸರಘಟ್ಟ. ಏಳನೇ ಕೊಳ. ಬೆಳಗಿನ ಆರೂವರೆ.
ಬಲೆಗೆ ನಾನು, ಆ ತುದಿಗೆ ಚನ್ನಿಗರಾಯ,
ದಂಡೆಯ ಮೇಲೆ ತಕ್ಕಡಿ, ರಿಜಿಸ್ಟರು, ಜೊಹರಾ ಮೇಡಮ್ಮು.
ಗೆಂಡೆಗಳಿಗೆ ಇವತ್ತಿಗೆ ಆರು ತಿಂಗಳು.

ಇನ್ನೂರ ಹತ್ತು ಗ್ರಾಂ. ಇನ್ನೂರ ಮೂವತ್ತು. ಮತ್ತೆ ಇನ್ನೂರ ಹತ್ತು.
ಆಮೇಲೊಂದು ಮುನ್ನೂರ ತೊಂಬತ್ತು.
ಗುರುತಿತ್ತು ನನಗೆ, ಬಾಲದಂಚು ಹರಿದದ್ದು.
ಹೆಬ್ಬೆರಳುದ್ದ ಇದ್ದಾಗಲೇ ಮಿಕ್ಕವನ್ನು ತಳ್ಳಿ
ಹಿಂಡಿ ತವುಡಿಗೆ ಮೊದಲು ಬಾಯಿ ಹಾಕುತ್ತಿದ್ದದ್ದು.

'ಇದನ್ನೇ ಕೊಯ್ಯಿ' ಅಂದರು.
ಕೊಯ್ದೆ.
ಕರುಳನ್ನು ಮೂಲೆಗೆ ಒತ್ತರಿಸಿ
ಎರಡು ಉದ್ದನೆ ಚೀಲ, ಬಾಯಿಮಟ್ಟ ತುಂಬಿದ ಗಸಗಸೆ,
ಬಣ್ಣ ಮಾತ್ರ ನವಣೆಯದು.

ಮೇಡಮ್ಮು ಕನ್ನಡಕ ಹಣೆಗೇರಿಸಿದರು.
ಚಳಿ ಸೀಮೆಯಲ್ಲಿ ಇದಕ್ಕೆ ಮೂರು ವರ್ಷ ಹಿಡಿಯುತ್ತೆ ಕಣಪ್ಪ,
ಇಲ್ಲಿ ಬೆಚ್ಚನೆ ನೀರು, ಹೊತ್ತು ಹೊತ್ತಿಗೆ ಮೇವು,
ದಡಬಡ ಬೆಳೆದದ್ದು ದಡಬಡ ಬಲಿಯುತ್ತೆ.
ಇನ್ನು ತಿಂದದ್ದೆಲ್ಲ ಮೊಟ್ಟೆಗೆ.
ಯಶವಂತಪುರದ ವ್ಯಾಪಾರಿ ಕಿಲೋ ಮೀನು ಕೇಳ್ತಾನೆ,
ಅವನಿಗೆ ಏನು ಹೇಳೋದು?

ನಾನೇನು ಹೇಳಲಿ.
ಐದನೇ ಕ್ಲಾಸಿನಲ್ಲಿ ನಾನು ಕಡೇ ಬೆಂಚಿನವ,
ಕರಿಹಲಗೆಯ ಮೇಲಂಚು ಒರೆಸಲು ಮೇಷ್ಟರು ನನ್ನನ್ನೇ ಕರೆಯುತ್ತಿದ್ದರು.
ಹನ್ನೊಂದಕ್ಕೆ ದನಿ ಒಡೆಯಿತು, ಹನ್ನೆರಡಕ್ಕೆ ಮೀಸೆ.
ಬಸ್ಸಿನ ಕಂಡಕ್ಟರು ಅರ್ಧ ಟಿಕೆಟ್ಟು ಕೊಡಲೊಲ್ಲ.
ಅಜ್ಜಿ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟದ್ದೂ ಉಂಟು.
ಹತ್ತನೇ ಕ್ಲಾಸಿನ ಫೋಟೋದಲ್ಲಿ
ಮುಂದಿನ ಸಾಲಿನಲ್ಲಿ, ನೆಲದ ಮೇಲೆ,
ಮೀಸೆ ಸಮೇತ ಕೂತಿದ್ದೇನೆ.
ಪೊಲೀಸ್ ಸೆಲೆಕ್ಷನ್ನಿನ ಅಳತೆಕೋಲಿಗೆ ಎರಡು ಬೆರಳು ಸಾಲಲಿಲ್ಲ.

ಇದನ್ನೆಲ್ಲ ಬರೆಯಲು ರಿಜಿಸ್ಟರಿನಲ್ಲಿ ಕಾಲಂ ಇಲ್ಲ.
ತೂಕ ಬರೆದೆ. ಉದ್ದ ಬರೆದೆ. ಅಂಡಾಶಯ: ನಾಲ್ಕನೇ ಹಂತ.
ಇನ್ನೂರ ಹತ್ತರದ್ದನ್ನು ಚನ್ನಿಗರಾಯ ನೀರಿಗೆ ಬಿಟ್ಟ,
ಪೀಚು ಮೀನು, ತನಗೆ ಏನೂ ಆಗಿಲ್ಲವೆಂಬಂತೆ
ಕೆಸರೆಬ್ಬಿಸಿಕೊಂಡು ಹೋಯಿತು.
ನಾನು ಅದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತೆ,
ಹೊಟ್ಟೆಕಿಚ್ಚಿರಲಿಲ್ಲ ಅಂತ ಹೇಳಲಾರೆ.

ಮೊಟ್ಟೆ ಬಾಟಲಿಗೆ ಹೋಯಿತು, ಮಿಕ್ಕ ಮೀನು ನನಗೆ.
ಮನೆಯಲ್ಲಿ ಸಾಕಮ್ಮ ಪೇಪರು ಬಿಚ್ಚಿ
'ಏನ್ರೀ, ಬರೀ ತಲೆ?' ಅಂದಳು.
ಬೆಳೆಯೋ ಹೊತ್ತಿಗೆ ಬೆಳೆದಿತ್ತು ಕಣೆ, ಅಂದೆ,
ಅಷ್ಟು ದೊಡ್ಡ ದನಿ ಬೇಕಿರಲಿಲ್ಲ.
ಅವಳು ಮುಖ ನೋಡಿದಳು, ಮಾತಾಡಲಿಲ್ಲ.
ಅಟ್ಟದಂಚಿನ ಬಾಣಲೆಗೆ ನಾನು ಮಣೆ ಹುಡುಕುವಷ್ಟರಲ್ಲಿ
ಸುಮ್ಮನೆ ಕೈ ಚಾಚಿ ತಾನೇ ಇಳಿಸಿದಳು.