ದುಭಾಷಿ

ಪುರಭವನದಲ್ಲಿ ಇವತ್ತು ಶಾಂತಿಯ ಸಭೆ.
ಯಾವುದೋ ಚಳಿದೇಶದಿಂದ ಬಂದ ಅತಿಥಿ
ಹತ್ತು ನಿಮಿಷ ಮಾತಾಡಿದರು. ಪಕ್ಕದಲ್ಲಿ ನಿಂತ ನಾನು
ಅವರ ಒಂದು ಶಬ್ದಕ್ಕೆ ‘ಸಂವಾದ’ ಅಂದೆ,
ಎರಡನೇ ಸಲ ಬಂದಾಗ ‘ಮಾತುಕತೆ’,
ಮೂರನೇ ಸಲಕ್ಕೆ ಶಬ್ದ ಮುಗಿದು ಕೆಮ್ಮಿದೆ.
ಚಪ್ಪಾಳೆ ಬಿತ್ತು. ತೀರಿಹೋದವರಿಗೆಂದು ಮೇಣದಬತ್ತಿ ಹಚ್ಚಿದರು,
ಫ್ಯಾನು ಆರಿಸಿತು, ಫ್ಯಾನು ನಿಲ್ಲಿಸಿ ಮತ್ತೆ ಹಚ್ಚಿದರು.
ನನಗೊಂದು ಶಾಲು, ಒಂದು ಬುಟ್ಟಿ ಹಣ್ಣು.

ಬಾಲ್ತಿ ಸಿಕ್ವೇರಾ, ನಿವೃತ್ತ ದುಭಾಷಿ, ಜಿಲ್ಲಾ ಕೋರ್ಟು.
ಅಡುಗೆಮನೆಯಲ್ಲಿ ಕೊಂಕಣಿ, ಬಾವಿಕಟ್ಟೆಯಲ್ಲಿ ತುಳು,
ಬೇಲಿಯಾಚೆಯಿಂದ ಬ್ಯಾರಿ, ಬೆತ್ತದ ತುದಿಯಿಂದ ಕನ್ನಡ:
ಹೀಗೆ ಕಲಿತದ್ದಕ್ಕೆ ಸರಕಾರ
ಇಪ್ಪತ್ತೆಂಟು ವರ್ಷ ಸಂಬಳ ಕೊಟ್ಟಿತು.

ಆ ಗಲಾಟೆಯ ವರ್ಷದ ಕೇಸುಗಳಲ್ಲಿ ಎರಡು
ಇನ್ನೂ ನನ್ನ ನಾಲಗೆ ಬಿಟ್ಟು ಹೋಗಿಲ್ಲ.

ಒಬ್ಬಳು ಲಚ್ಚಿಲ್, ತೋಟ ಬೆಂಗ್ರೆ, ಮೀನು ಮಾರುವವಳು.
ಕರ್ಫ್ಯೂ ಸಡಿಲಾದ ಎರಡು ಗಂಟೆಯಲ್ಲಿ ಮಗ
ಐಸ್ ಪ್ಲಾಂಟಿನ ಬಾಕಿ ಸಂಬಳ ತರಲು ಹೊರಟಿದ್ದ.
ಇನ್ನೊಬ್ಬಳು ಅವ್ವಮ್ಮ, ಕಸಬಾ ಬೆಂಗ್ರೆ, ಬೀಡಿ ಕಟ್ಟುವವಳು.
ಅವಳ ಮಗ, ಅಕ್ಕನ ಕೂಸಿನ ಜ್ವರಕ್ಕೆ ಔಷಧಿ ತರಲು.
ಬೇರೆ ಬೇರೆ ದಿನ, ಬೇರೆ ಬೇರೆ ರಸ್ತೆ,
ಬೇರೆ ಬೇರೆ ಕಡೆಯವರ ಚೂರಿ.

ಕೊನೆಗೆ ನೋಡಿದ್ದು ಯಾವಾಗ, ಕೇಳಿದರು ಸರಕಾರಿ ವಕೀಲರು.
ಲಚ್ಚಿಲ್ ಅಂದಳು: ‘ಬರ್ಪೆ ಪಂದ್ ಪೋಯೆ.’
ಬರ್ತೇನೆ ಅಂತ ಹೋದ.
ನಾನು ಅಂದೆ: ‘ಮೃತನು ಮನೆಯಿಂದ ಹೊರಟನು, ಸ್ವಾಮಿ.’
ಟೈಪ್‌ರೈಟರ್ ಅಷ್ಟನ್ನೇ ಕುಟ್ಟಿತು.
ಮೂರು ತಿಂಗಳ ನಂತರ ಅದೇ ಸಾಕ್ಷಿಕಟ್ಟೆಯ ಅಂಚು ಹಿಡಿದು
ಅವ್ವಮ್ಮ ತನ್ನ ಭಾಷೆಯಲ್ಲಿ ಅದನ್ನೇ ಅಂದಳು.
ನಾನೂ ಅದನ್ನೇ ಅಂದೆ: ಮೃತನು ಹೊರಟನು.

ಈ ಊರಲ್ಲಿ ಹೊಸಿಲಲ್ಲಿ ನಿಂತು
ಯಾರೂ ‘ಹೋಗ್ತೇನೆ’ ಅನ್ನುವುದಿಲ್ಲ.
ನನ್ನಮ್ಮ ಮೀನಿಗೆ ಹೊರಟರೂ ‘ಯೆತಾಂ’ ಅನ್ನುತ್ತಿದ್ದಳು,
ಆಸ್ಪತ್ರೆಗೆ ಕೊನೆಯ ಸಲ ಹೊರಟಾಗಲೂ.
ನಾಲ್ಕು ಭಾಷೆ ಸೇರಿ ಕಾಪಾಡಿಕೊಂಡು ಬಂದ ಒಂದು ಮಾತನ್ನು
ನಾನು ಎರಡು ಸಲ ದಾಖಲೆಯಿಂದ ಬಿಟ್ಟೆ.
ಆರೋಪಿಗಳು ಬಿಡುಗಡೆಯಾದದ್ದು ಅದಕ್ಕಲ್ಲ, ಗೊತ್ತು.
ಸಾಕ್ಷ್ಯ ಸಾಲಲಿಲ್ಲ. ಎರಡೂ ಕೇಸಿನಲ್ಲಿ.

ಶಾಲು ಹೆಗಲಲ್ಲೇ ಇತ್ತು. ಸೆಕೆ.
ಸ್ಟೇಟ್ ಬ್ಯಾಂಕ್ ಬಳಿಯ ಮೀನು ಮಾರ್ಕೆಟ್ಟಿಗೆ ಇಳಿದೆ.
ಲಚ್ಚಿಲ್ ಇದ್ದಳು, ಕನ್ನಡಕದ ಮುರಿದ ಕಾಲಿಗೆ ಬಲೆಯ ದಾರ.
ಎದುರಿಗೆ ಬುರ್ಖಾದ ತೋಳು ಮೇಲೆ ಸರಿಸಿ
ಬೂತಾಯಿಯ ಕಿವಿರು ಎತ್ತಿ ನೋಡುತ್ತಿದ್ದವಳು
ಅವ್ವಮ್ಮ.
‘ಇದು ನಿನ್ನೆಯದ್ದು.’
‘ನಿನ್ನ ಕಣ್ಣು ನಿನ್ನೆಯದ್ದು.’
‘ನೂರಕ್ಕೆ ಇಪ್ಪತ್ತು ಕೊಡು.’
‘ಹದಿನಾರು. ಬೇಡವಾದರೆ ಸಮುದ್ರ ಅಲ್ಲೇ ಇದೆ, ನೀನೇ ಹಿಡಿ.’
ಎಲ್ಲ ತುಳುವಿನಲ್ಲಿ, ಕತ್ತಿ ಮಸೆದ ಹಾಗೆ, ಸಲೀಸು.

ಪಕ್ಕದ ಸಿಗಡಿಯವಳನ್ನು ಕೇಳಿದೆ.
‘ಅವರಾ? ಒಂದೇ ಬೋಟಲ್ಲಿ ಹೊಳೆ ದಾಟುವವರು.
ಗಲಾಟೆಗೆ ಮೊದಲೂ ಹೀಗೇ ಜಗಳ.
ನಡುವೆ ಒಂದು ಎಂಟು ವರ್ಷ ಇವಳು ಬರಲಿಲ್ಲ, ಅವಳು ಕರೆಯಲಿಲ್ಲ.
ಆಮೇಲೆ ಒಂದು ದಿನ ಬಂದು ರೇಟು ಕೇಳಿದಳು.’
ಅಷ್ಟೇ.

ಹದಿನೆಂಟಕ್ಕೆ ನಿಂತಿತು. ಲಚ್ಚಿಲ್ ಎಣಿಸಿ ಹಾಕಿದಳು,
ಮೇಲೆ ಒಂದು ಕೊಸರು.
ಅವ್ವಮ್ಮ ಚೀಲದ ಬಾಯಿ ಮುಚ್ಚಲಿಲ್ಲ.
ಇನ್ನೂ ಒಂದು.
ಚೀಲ ಎತ್ತಿಕೊಂಡು ಅಂದಳು, ‘ಬರ್ಪೆ.’
ಬಂಗುಡೆಯ ಹೊಟ್ಟೆ ಸೀಳುತ್ತ, ತಲೆಯೆತ್ತದೆ,
ಲಚ್ಚಿಲ್ ಅಂದಳು, ‘ಬಲೆ.’

ಅಭ್ಯಾಸಬಲ, ನಾನು ಬಾಯಿ ತೆರೆದಿದ್ದೆ.
‘ನಿಮಗೇನು ಪೊರ್ಬುಲೆ,’ ಲಚ್ಚಿಲ್ ಕೇಳಿದಳು,
‘ಆಗಿಂದ ಸುಮ್ಮನೆ ನಿಂತಿದ್ದೀರಿ?’