ನೆಲ ಒದ್ದೆಯಿತ್ತು

ಮೊದಲ ಮಂಗಳವಾರ, ಬಾಶೆ ನದಿಯ ಈಚೆ ದಡದಲ್ಲಿ
ಕ್ಲಿನಿಕ್ಕಿನ ಜೀಪು ಹೂತಿತು.
ಸಿಸ್ಟರ್ ಪುಮ್ಲಾ ಬೂಟು ಕಳಚಿ ಕೆಸರಿಗಿಳಿದರು:
"ತಳ್ಳು ಮಗಾ, ಇದೂ ವ್ಯಾಯಾಮವೇ."
ನನ್ನ ಚೀಲದಲ್ಲಿ ರಬ್ಬರ್ ಪಟ್ಟಿ, ಕೋನಮಾಪಕ,
ಮೂರು ವರ್ಷದ ನೋಟ್ಸು.

ಗುಡ್ಡದ ನೆತ್ತಿಗೆ ದುಂಡನೆಯ ಹುಲ್ಲುಮನೆ.
ನೊಫೆಜಿಲೆ, ಅರವತ್ತೇಳು. ಲಕ್ವ ಹೊಡೆದು ಐದು ತಿಂಗಳು.
ಬಲಗೈ ಮಡಿಲಲ್ಲಿತ್ತು,
"ಈಗ ಬಂದೆ, ನೋಡಿಕೊಂಡಿರಿ" ಎಂದು
ಯಾರೋ ಕೊಟ್ಟುಹೋದ ಗಂಟಿನ ಹಾಗೆ.

ಅಳೆದೆ. ಭುಜ: ಐವತ್ತೈದು ಡಿಗ್ರಿ.
ಬರೆದೆ. ಗುರಿ: ಹತ್ತು ಮೀಟರ್ ನಡಿಗೆ.
ನನ್ನ ಪೇಟೆಯ ಖೋಸಾದಲ್ಲಿ ಅದನ್ನೇ ಓದಿ ಹೇಳಿದೆ.
ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.
ಮುದುಕಿ ನಗಲಿಲ್ಲ.
"ಹತ್ತು ಮೀಟರು, ಎಲ್ಲಿಗೆ?"

ಎಲ್ಲಿಗೆ ಅನ್ನುವುದು ನನ್ನ ನೋಟ್ಸಿನಲ್ಲಿ ಇರಲಿಲ್ಲ.

ಅವಳಿಗೆ ಬೇಕಿದ್ದದ್ದು ನೆಲ.
ಸೊಸೆ ಸಾರಿಸುತ್ತಾಳೆ, ಇಲ್ಲವೆನ್ನಲಾರಳು,
ಆದರೆ ನೀರು ಜಾಸ್ತಿ, ಸಗಣಿ ಕಮ್ಮಿ,
ಶನಿವಾರ ಸಾರಿಸಿದ್ದು ಸೋಮವಾರಕ್ಕೆ ಬಿರುಕು.
ತಾನೇ ಮಂಡಿಯೂರಬೇಕು.
ಆಮೇಲೆ ಏಳಬೇಕು, ಯಾರೂ ಹಿಡಿಯದೆ.

ಹಾಸಿಗೆಯಿಲ್ಲ, ಹಿಡಿದು ನಡೆಯುವ ಕಂಬಿಯಿಲ್ಲ.
ಚರ್ಚಿನಿಂದ ತಂದ ಬೆಂಚು, ಜೋಳದ ಚೀಲ,
ಬೋರಲು ಹಾಕಿದ ಬಕೆಟ್ಟು.
ಬೆಂಚಿನಿಂದ ಚೀಲಕ್ಕೆ, ಚೀಲದಿಂದ ಬಕೆಟ್ಟಿಗೆ,
ಬಕೆಟ್ಟಿನಿಂದ ನೆಲಕ್ಕೆ,
ಮತ್ತೆ ಅದೇ ದಾರಿ ಮೇಲಕ್ಕೆ.
ನೆರೆಮನೆಯ ಹುಡುಗರು ಬಾಗಿಲಲ್ಲಿ ಕೂತು
ಎಣಿಸಿದರು, ಒಮ್ಮೊಮ್ಮೆ ಮೋಸವಾಗಿ,
ಆರಾದ ಮೇಲೆ ನೇರ ಹತ್ತು.

ಮೂರನೆಯ ವಾರ ಬಿದ್ದಳು.
ನನ್ನ ಎದೆ ಬಾಯಿಗೆ ಬಂತು.
ಅವಳು ಅಂಗಾತ ಮಲಗಿಯೇ ಮೇಲೆ ನೋಡಿದಳು:
"ಮಾಡಿನಲ್ಲಿ ತೂತಿದೆ. ಇಲ್ಲಿಂದಲೇ ಕಾಣುವುದು.
ಮಗನಿಗೆ ಹೇಳಬೇಕು."
ಅವಳನ್ನು ಎತ್ತಲು ಬಾಗಿದವನನ್ನು
ಸಿಸ್ಟರ್ ಭುಜ ಹಿಡಿದು ತಡೆದರು.
ತಡೆದಿಟ್ಟ ಆ ಕೈಯ ಭಾರ
ಇನ್ನೂ ಇಳಿದಿಲ್ಲ.
ಬಕೆಟ್ಟು. ಚೀಲ. ಬೆಂಚು.
ಅರ್ಧ ತಾಸು ಹಿಡಿಯಿತು, ಅಷ್ಟೇ.

ಆರನೆಯ ಮಂಗಳವಾರ ಹೊಸ್ತಿಲಲ್ಲೇ ಹಸಿ ಸಗಣಿಯ ವಾಸನೆ.
ಒಳಗೆ ನೆಲದ ತುಂಬ ಕಮಾನುಗಳು,
ಒಂದರ ಬೆನ್ನಿಗೊಂದು, ಮೀನಿನ ಮೈಯ ಹಾಗೆ.
ಒಲೆಯ ಹತ್ತಿರದವು ತಟ್ಟೆಯಷ್ಟು,
ಬಾಗಿಲಿಗೆ ಬರುತ್ತ ಬರುತ್ತ ಮೊರದಷ್ಟು.
ಬಲಗೈಯವೇ. ಮೂರೇ ಬೆರಳಿನ ಗೆರೆ,
ಎರಡು ಇನ್ನೂ ಮಡಚಿಕೊಂಡೇ ಇದ್ದವು.
ಕೋನಮಾಪಕ ಹಿಡಿದು ಕಾಲೆತ್ತಿದೆ.
"ಏಯ್, ತುಳಿದೀಯಾ!"

ಪರೀಕ್ಷಕರಿಗೆ ಒಪ್ಪಿಸಿದ ಪುಸ್ತಕದಲ್ಲಿ
ಆ ದಿನದ ಎದುರು ನನ್ನ ಅಕ್ಷರ ಹೀಗಿದೆ,
ಪಕ್ಕದಲ್ಲಿ ಅವರ ಕೆಂಪು ಪ್ರಶ್ನೆಚಿಹ್ನೆ:
ಭುಜ, ಅಳೆಯಲಾಗಲಿಲ್ಲ.
ನೆಲ ಒದ್ದೆಯಿತ್ತು.