ಹದಿನೆಂಟು ಸುತ್ತು

ಈ ಕೀಲಿ ನೋಡ್ರಿ, ನನ್ನ ಎದಿಮಟಾ ಬರ್ತೈತಿ.
ಕಬ್ಬಿಣದ್ದು. ಹಿಡಿಕಿಗೆ ಸೈಕಲ್ ಟ್ಯೂಬು ಸುತ್ತೀನಿ,
ಚಳಿಗಾಲದಾಗ ಕೈ ಮರಗಟ್ಟಬಾರದಂತ.
ಮೇಯರ್ ಆದವ್ರಿಗೆ ಕೆಂಪು ಗೌನ ಕೊಡ್ತಾರ,
ವರ್ಷ ತುಂಬಿದ್ರ ಬಿಚ್ಚಿಸ್ಕೋತಾರ.
ನನ್ನ ಕೀಲಿ ಹತ್ತೊಂಬತ್ತು ವರ್ಷದಿಂದ
ಯಾರೂ ವಾಪಸ್ ಕೇಳಿಲ್ಲ.
ನಾನಿನ್ನೂ ಪರ್ಮನೆಂಟ್ ಆಗಿಲ್ಲ ಅನ್ನೂದು ಬ್ಯಾರೆ ಮಾತು.

ಈ ಸಲ ಇಬ್ಬರು ನಿಂತಾರ.
ಚನ್ನಮಲ್ಲಪ್ಪ ಹೊನವಾಡ ಪೇಪರಿನವ್ರ ಮುಂದ ಹೇಳಿದ್ರು:
ನನ್ನ ಮೊದಲನೇ ಆದ್ಯತೆ ನೀರು,
ಎರಡನೇದು ಧೂಳು, ಮೂರನೇದು ಬೀದಿನಾಯಿ.
ಶಮಶಾದಬಾನು ಮುಜಾವರ ಹೇಳಿದ್ರು:
ನಂದೂ ಮೊದಲನೇದು ನೀರೇ, ನಾಯಿ ಎರಡನೇದು.
ಧೂಳು ಈ ಊರಿಗೆ ಬಾದಶಾಹನಕಿಂತ ಮೊದಲ ಬಂದದ್ದು,
ಅದರ ಕೂಡ ಜಗಳಾಡೂದಿಲ್ಲ.
ನಾ ನಕ್ಕೆ. ನಗಬಾರದಿತ್ತು,
ಜವಾನ ರಜಾ ಹಾಕಿದ್ದಕ್ಕ ಚಾದ ಟ್ರೇ ನನ್ನ ಕೈಯಾಗಿತ್ತು.

ಆದ್ಯತೆ ಅನ್ನೂದು ನನಗೂ ಗೊತ್ತೈತಿ.
ಒಂದು ವಾಲ್ವ್ ತಿರುವಬೇಕಂದ್ರ ಇನ್ನೊಂದು ಮುಚ್ಚಬೇಕು.
ಜೋರಾಪುರ ಪೇಟಿಗೆ ನಸಿಕಿನ್ಯಾಗ ನಾಕಕ್ಕ ಬಿಟ್ರ
ಕುಂಬಾರ ಓಣಿಗೆ ರಾತ್ರಿ ಹತ್ತು.
ಅವರ ಭಾಷಣದಾಗ ಮೊದಲನೇದು ಐತಿ, ಎರಡನೇದು ಐತಿ,
ಕಡೀದು ಅನ್ನೂದೊಂದು ಯಾವತ್ತೂ ಇರೂದಿಲ್ಲ.
ನನ್ನ ಡೈರಿಯಾಗ ಐತಿ:
ಮೂವತ್ತೊಂದನೇ ಸಾಲು, ಗಂಜ್ ಹಿಂದಿನ ಸಂದಿ, ಬೋರವ್ವನ ಮನಿ.

ಕೋಲ್ಹಾರದ ಕಡೆ ಪೈಪ್ ಒಡದು ಎಂಟನೇ ದಿನ.
ಮೆಂಬರುಗಳನ್ನೆಲ್ಲಾ ಎಸಿ ಬಸ್ಸಿನ್ಯಾಗ
ಮಹಾಬಳೇಶ್ವರಕ್ಕ ಒಯ್ದಿದ್ರು, ಯಾರೂ ಕಸ್ಕೋಬಾರದಂತ.
ನಮ್ಮ ವಾರ್ಡಿನ ಮೆಂಬರು ಸ್ಟೇಟಸ್ ಹಾಕಿದ:
ಎದಿಮಟಾ ನೀಲಿ ನೀರು, ಕರೀ ಚಸ್ಮಾ, ಕೈಯಾಗ ಎಳನೀರು.
ಅದನ್ನ ಬೋರವ್ವಗ ತೋರಿಸಿದ್ದು ನಂದ ತಪ್ಪು.
ಅಕಿ ಮೊಬೈಲ್ ದೂರ ಹಿಡದು, ಹತ್ರ ಹಿಡದು,
ಎಷ್ಟ ಕೊಡ ಆದೀತೋ ತಮ್ಮಾ ಇದು, ಅಂದ್ಳು.
ಸಿಟ್ಟೇನೂ ಇರಲಿಲ್ಲ. ಲೆಕ್ಕ ಹಾಕ್ತಿದ್ಳು.

ಚುನಾವಣಿ ಹಿಂದಿನ ರಾತ್ರಿ ಎರಡು ಫೋನು.
ಹತ್ತಕ್ಕ ಹೊನವಾಡ ಕಡೆಯವ್ರು: ಮುಂಜಾನೆ
ಶಿಂಧೆ ಮೆಂಬರ ಓಣಿಗೆ ಮೊದಲ ಬಿಡು.
ಹತ್ತೂವರಿಗೆ ಮುಜಾವರ ಕಡೆಯವ್ರು: ಮುಂಜಾನೆ
ಶಿಂಧೆ ಮೆಂಬರ ಓಣಿಗೆ ಮೊದಲ ಬಿಡು.
ತಾ ಯಾರ ಕಡೆ ಅಂತ ಶಿಂಧೆಗೇ ಗೊತ್ತಿರಲಿಲ್ಲ, ಪಾಪ.
ಇಬ್ಬರಿಗೂ ಆತ್ರೀ ಅಂದೆ.
ಧೈರ್ಯದ ಕತಿ ಹೇಳೂದಿದ್ರ ಇಲ್ಲೆ ಹೇಳಬಹುದಿತ್ತು.
ಇಲ್ರಿ. ಶಿಂಧೆ ಓಣಿಗೇ ಬಿಟ್ಟೆ,
ಕತ್ತಲದಾಗ ಎದ್ದು, ಹದಿನೆಂಟು ಸುತ್ತು ತಿರುವಿ.

ಮಧ್ಯಾಹ್ನ ಸಭಾಗೃಹದ ಬಾಗಿಲಿಗೆ ನಿಂತು ನೋಡಿದೆ.
ಕೈ ಎತ್ರಿ ಅಂದ್ರು. ಎತ್ತಿದ್ರು. ಎರಡೆರಡು ಸಲ ಎಣಿಸಿದ್ರು.
ಶಮಶಾದಬಾನು ಒಂದು ಕೈಯಿಂದ ಗೆದ್ರು,
ಎಲ್ಲಾರಕಿಂತ ತಡಾ ಮಾಡಿ ಎದ್ದ ಕೈ ಅದು.
ಗೌನ ದೊಡ್ಡದಾತು, ತೋಳು ಮಡಚಿ ಪಿನ್ ಹಚ್ಚಿದ್ರು.
ಮೊದಲನೇ ಆದ್ಯತೆ ಏನ್ರಿ ಅಂತ
ಪೇಪರಿನವ್ರು ಮತ್ತ ಕೇಳಿದ್ರು.

ರಾತ್ರಿ ಹನ್ನೊಂದೂವರಿ. ಗಂಜ್ ಹಿಂದಿನ ಸಂದಿ.
ಬಾದಶಾಹನ ಕಾಲದಾಗ ಈ ಕಲ್ಲಿನ ಗಂಜಿನ್ಯಾಗ
ನೀರು ಏರಿ, ಉಸಿರು ತಗೊಂಡು, ಮುಂದಿನ ಪೇಟಿಗೆ ಹೋಗ್ತಿತ್ತಂತ.
ಈಗ ಇಬ್ಬರದೂ ಬ್ಯಾನರು ಕಟ್ಯಾರ, ಒಂದರ ಮ್ಯಾಲೊಂದು.
ಕೀಲಿ ಇಳಿಸಿ ತಿರುವಿ, ಬೋರವ್ವನ ಅಂಗಳಕ್ಕ ಬಂದೆ.
ನಳ ಮೊದಲ ಕೆಮ್ಮಿತು.
ಗಾಳಿ. ಬರೇ ಗಾಳಿ.
ಗಾಳಿಗೂ ಮೀಟರು ತಿರಗತೈತಿ ನೋಡ್ರಿ.
ಅಕಿಗೆ ಗೊತ್ತು, ಕೊಡ ಇನ್ನೂ ಇಟ್ಟಿಲ್ಲ,
ಅಂಗೈಯಷ್ಟ ನಳದ ಕೆಳಗ ಹಿಡದು ಕುಂತಿದ್ಳು.

ಯಾರ ಗೆದ್ರೋ, ಅಂದ್ಳು.
ಹೇಳಿದೆ.
ಹೌದಾ, ಅಂದ್ಳು.
ಕೈ ಮಾತ್ರ ತಗೀಲಿಲ್ಲ.